ಊರಿಗೆ ಬಂದವಳು, ನೀರಿಗೆ ಬಾರದವಳು

'ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?' ಹೊಸ ಸೊಸೆಯ ಮುಖ ನೋಡಲು ಅವಸರಪಡುವವರಿಗೆ ಹೇಳಿದ ಸಮಾಧಾನವಿದು. ಕಾಯಿರಿ, ಕೊಡ ಹಿಡಿದು ಅವಳೇ ಬರುತ್ತಾಳೆ. ಆದರೆ ಬಾವಿ ಎಲ್ಲರಿಗೂ ತೆರೆದಿದ್ದರೆ ಮಾತ್ರ ಈ ಮಾತು ನಿಲ್ಲುತ್ತದೆ. ಯಾರ ಕೊಡ ಯಾವ ಬಾವಿಗೆ ಇಳಿಯಬಹುದೆಂದು ಜಾತಿ ತೀರ್ಮಾನಿಸುತ್ತಿದ್ದ ನಾಡಿನ ಗಾದೆ ಆ ಸಂಗತಿಯನ್ನು ಜಾಣತನದಿಂದ ನುಂಗಿಕೊಂಡಿದೆ.

ಮಂಗಳೂರು ನಗರದ ಕೂಳೂರಿನ ಶಾಲೆಗೆ ಈ ಗಾದೆಯನ್ನು ಹಚ್ಚಿ ನೋಡಿ. ಫಲ್ಗುಣಿಯ ಸೇತುವೆಯಾಚೆ ಪಣಂಬೂರು ಬಂದರು, ಗೊಬ್ಬರದ ಕಾರ್ಖಾನೆ, ಬೈಕಂಪಾಡಿಯ ಕೈಗಾರಿಕಾ ಪ್ರದೇಶ. ದುಡಿಯಲು ಉತ್ತರ ಕರ್ನಾಟಕದವರು ಬರುತ್ತಾರೆ, ಒಡಿಶಾ, ಜಾರ್ಖಂಡ್, ಅಸ್ಸಾಮಿನವರೂ ಬರುತ್ತಾರೆ. ಅವರ ಮಕ್ಕಳು ತಾವಾಗಿಯೇ ಶಾಲೆಗೆ ಬಂದಾರೆಂದು ಕಾದು ಕೂತರೆ ಹಲವರು ಬರುವುದಿಲ್ಲ. ಮೇಸ್ತ್ರಿ ಕರೆದ ಕಡೆಗೆ ಸಂಸಾರ ಎದ್ದು ಹೋಗುತ್ತದೆ, ಟಿ.ಸಿ. ಹಳೆಯ ಶಾಲೆಯಲ್ಲೇ ಉಳಿಯುತ್ತದೆ. ಟಿ.ಸಿ. ತಡವಾಯಿತೆಂದೋ ವಯಸ್ಸಿನ ದಾಖಲೆ ಇಲ್ಲವೆಂದೋ ಮಗುವನ್ನು ವಾಪಸು ಕಳಿಸುವಂತಿಲ್ಲ ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಅದು ತಾಯಿಗೆ ಗೊತ್ತಿರಬೇಕಲ್ಲ! ಹತ್ತು ವರ್ಷದ ಹುಡುಗಿ ಶಾಲೆಗೆ ಬಾರದಿರುವುದು ಎಷ್ಟೋ ಸಲ ಸೋಮಾರಿತನದಿಂದಲ್ಲ, ತಮ್ಮನನ್ನು ನೋಡಿಕೊಳ್ಳಲು. ಅವನಿಗೆ ಅಂಗನವಾಡಿಯಲ್ಲಿ ಜಾಗ ಸಿಕ್ಕರೆ ಇವಳಿಗೆ ಶಾಲೆ ಸಿಕ್ಕೀತು. ಇದು ಹಾಜರಿ ಪುಸ್ತಕದಲ್ಲಿ ಕಾಣದು. ಸಂಜೆ, ಕೆಲಸ ಬಿಟ್ಟ ಹೊತ್ತಿಗೆ ಕಾರ್ಮಿಕರ ಶೆಡ್ಡಿನವರೆಗೆ ಹೋದವರಿಗೆ ಕಾಣುತ್ತದೆ.

ಹೀಗೆ ಮಕ್ಕಳಿದ್ದಲ್ಲಿಗೇ ಹೋಗುವ ಕೆಲಸ ಮಂಗಳೂರಿಗೆ ಹೊಸದೇನಲ್ಲ. ಕೂಳೂರಿನಿಂದ ಪೇಟೆಗೆ ಹೋಗುವ ದಾರಿಯಲ್ಲೇ ಸಿಗುವ ಚಿಲಿಂಬಿಯಲ್ಲಿ ವಕೀಲ ಕುದ್ಮುಲ್ ರಂಗರಾವ್ 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಸಾರಸ್ವತ ಬ್ರಾಹ್ಮಣರಾಗಿದ್ದ ಅವರಿಗೆ ಸ್ವಜಾತಿಯವರಿಂದಲೇ ಬಹಿಷ್ಕಾರ ಬಿತ್ತು. ಅವರು ಮಕ್ಕಳು ಬರಲೆಂದು ಕಾಯಲಿಲ್ಲ, ಕೇರಿಗೆ ನಡೆದರು. 1960ರಿಂದ ರೋಶನಿ ನಿಲಯ ಇದೇ ನಗರದಲ್ಲಿ ಸಮಾಜಕಾರ್ಯ ಕಲಿಸುತ್ತಿದೆ. ಆದರೂ ನಮ್ಮ ಸರ್ಕಾರಿ ಶಾಲೆಗಳಲ್ಲಿ ಸಮಾಜಕಾರ್ಯಕರ್ತರ ಹುದ್ದೆ ಕಾಣಸಿಗುವುದು ಅಪರೂಪ. ಬಿಸಿಯೂಟದ ಲೆಕ್ಕದ ನಡುವೆ ಮುಖ್ಯ ಶಿಕ್ಷಕಿಯೇ ಆ ಕೆಲಸವನ್ನೂ ನಿಭಾಯಿಸಬೇಕು. ಇದು ನನಗೆ ಸರಿಕಾಣುವುದಿಲ್ಲ.

ಮಗುವನ್ನು ಶಾಲೆಗೆ ಸೇರಿಸಿಕೊಂಡ ಮೇಲಿನ ಕೆಲಸ ಇನ್ನೂ ಸೂಕ್ಷ್ಮ. ತರಗತಿಯಲ್ಲಿ ಕನ್ನಡ, ಅಂಗಳದಲ್ಲಿ ತುಳು, ಬ್ಯಾರಿ, ಕೊಂಕಣಿ. ಜಾರ್ಖಂಡದ ಹುಡುಗ ಮೊದಲು ಕಲಿಯುವುದು ಆಟದ ತುಳುವನ್ನೇ. ಅದನ್ನು ಗದರಿಸಿ ನಿಲ್ಲಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೊಪ್ಪಳದ ಹುಡುಗಿ ಕನ್ನಡದವಳೇ, ಆದರೂ ಅವಳ ಮಾತಿಗೆ ಇಲ್ಲಿ ನಗು. ಒಡಿಶಾದವನಾದರೂ ಜಾರ್ಖಂಡದವನಾದರೂ ಊರಿನ ಬಾಯಲ್ಲಿ 'ಹಿಂದಿಯವ'. ಅಸ್ಸಾಮಿನ ಹುಡುಗನಾದರೆ ಮುಖ ನೋಡಿಯೇ 'ನೇಪಾಳಿ'. ಹಾಗೆ ಕರೆದವನನ್ನು ಬೆಂಚಿನ ಮೇಲೆ ನಿಲ್ಲಿಸಿದರೆ ಹೆಸರು ಇನ್ನಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬಲ್ಲ ಟೀಚರು ಇಬ್ಬರನ್ನೂ ಕಬಡ್ಡಿಯ ಒಂದೇ ತಂಡಕ್ಕೆ ಹಾಕುತ್ತಾರೆ, ಆಮೇಲೆ ಹುಡುಗನ ನಿಜವಾದ ಹೆಸರನ್ನು ಅವನಮ್ಮನ ಬಾಯಿಂದಲೇ ಕೇಳಿಕೊಂಡು ಬಂದು ತರಗತಿಯಲ್ಲಿ ಸರಿಯಾಗಿ ಕೂಗುತ್ತಾರೆ.