ಒಬ್ಬನಾದ್ರೂ ಓದ್ಲಿ

ಹೋದ ವರ್ಷ ಜೂನ್‌ನಲ್ಲಿ ಸಾಲಿ ಸುರುವಾದ ದಿನ, ಪ್ರತಿ ವರ್ಷ ಹೇಳುವ ಮಾತನ್ನೇ ಎಂಟನೇ ತರಗತಿಯ ಮಕ್ಕಳಿಗೆ ಹೇಳಿದೆ. ‘ನಾನೂ ಬಡವರ ಮನೆಯವನೇ. ನಾರಾಯಣಪೇಟದಲ್ಲಿ ನಮ್ಮಪ್ಪ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ. ಕಷ್ಟಪಟ್ಟು ಓದಿದೆ, ಮಾಸ್ತರ ಆದೆ. ನೀವೂ ಕಷ್ಟಪಟ್ಟರೆ ಮೇಲೆ ಬರ್ತೀರಿ.’ ಹಿಂದೆ ಕೂತಿದ್ದ ಹುಡುಗಿಯೊಬ್ಬಳು ಎದ್ದು, ‘ನಿಮ್ಮ ಮನ್ಯಾಗ ಎಷ್ಟು ಮಂದಿ ಓದ್ಯಾರ್ರಿ ಸಾರ್?’ ಅಂದಳು. ‘ನಾನೊಬ್ಬನೇ’ ಅಂದೆ. ‘ಹೌದೇನ್ರಿ’ ಅಂತ ಕೂತಳು. ಕುಹಕದಿಂದ ಕೇಳಿದ್ದಲ್ಲ. ಆದರೂ ಅವತ್ತು ಪಾಠ ಮುಂದಕ್ಕೆ ಹೋಗಲಿಲ್ಲ.

ನನಗೆ ಒಬ್ಬಳೇ ಅಕ್ಕ. ನಾಲ್ಕು ವರ್ಷಕ್ಕೆ ದೊಡ್ಡವಳು. ಮೂರನೇ ತರಗತಿಗೆ ಅವಳ ಸಾಲಿ ನಿಂತಿತು. ನೇಕಾರರ ಮನೆ ಕಂಡವರಿಗೆ ಕಾರಣ ಹೇಳಬೇಕಾಗಿಲ್ಲ. ನಾರಾಯಣಪೇಟದ ಸೀರೆಗೆ ಒಮ್ಮೆ ಹಾಸು ಹೂಡಿದರೆ ಎಂಟು ಸೀರೆ ಆಗುವಷ್ಟು ಉದ್ದ. ಅಪ್ಪನ ಲಾಳಿ ನಿಲ್ಲದೆ ಓಡಬೇಕಾದರೆ ಪಕ್ಕದಲ್ಲಿ ಯಾರಾದರೂ ರಾಟೆ ತಿರುಗಿಸಿ ಕಂಡಿಕೆ ಸುತ್ತಿ ಕೊಡುತ್ತಲೇ ಇರಬೇಕು. ಅವ್ವನಿಗೆ ಒಲೆ, ನೀರು, ನೂಲಿಗೆ ಗಂಜಿ ಹಚ್ಚುವುದು. ಕಂಡಿಕೆ ಅಕ್ಕನ ಪಾಲಿಗೆ ಬಂತು. ‘ಒಬ್ಬನಾದ್ರೂ ಓದ್ಲಿ’ ಅಂತ ಅಪ್ಪ ಅಂದ. ಆ ‘ಒಬ್ಬ’ ನಾನಾದೆ.

ಸಾವುಕಾರ ನೂಲು ಕೊಡುತ್ತಿದ್ದ, ನೇಯ್ದ ಸೀರೆ ಎಣಿಸಿಕೊಂಡು ಸೀರೆಗಿಷ್ಟು ಅಂತ ಕೂಲಿ ಕೊಡುತ್ತಿದ್ದ. ಚೀಟಿಯಲ್ಲಿ ಇದ್ದದ್ದು ಅಪ್ಪನ ಹೆಸರು ಮಾತ್ರ. ಕಂಡಿಕೆ ಸುತ್ತಿದ ಕೈಗೆ ಬೇರೆ ಲೆಕ್ಕ ಇಲ್ಲ, ಅದು ಸೀರೆಯ ಕೂಲಿಯೊಳಗೇ ಸೇರಿ ಹೋಗುತ್ತಿತ್ತು. ಅದೇ ದುಡ್ಡಿನಲ್ಲಿ ನನ್ನ ಪಾಟಿ ಬಂತು, ಪುಸ್ತಕ ಬಂತು, ಮುಂದೆ ಮಹಬೂಬನಗರದ ಬಸ್ ಚಾರ್ಜೂ ಬಂತು. ನಾನು ಕಷ್ಟಪಟ್ಟು ಓದಿದ್ದು ಸುಳ್ಳಲ್ಲ, ಕಂದೀಲಿನ ಬೆಳಕಿನಲ್ಲಿ ಕಣ್ಣುರಿಯುವವರೆಗೆ ಓದಿದ್ದೇನೆ. ಆದರೆ ಆ ಕಂದೀಲಿನ ಇನ್ನೊಂದು ಮಗ್ಗುಲಲ್ಲಿ ಅಕ್ಕನ ರಾಟೆಯೂ ತಿರುಗುತ್ತಿತ್ತು. ಕಷ್ಟಕ್ಕೆ ಫಲ ಉಂಟು ಅನ್ನುವ ಮಾತು ನಿಜವಾದರೆ ಅವಳ ಫಲ ಎಲ್ಲಿ ಹೋಯಿತು?

ಅಕ್ಕನನ್ನು ಮಕ್ತಲ್ ಕಡೆಯ ಒಂದು ಹಳ್ಳಿಗೆ ಕೊಟ್ಟರು. ಮಳೆ ನಂಬಿದ ಎರಡೆಕರೆ ಹೊಲ. ಮಳೆ ಕೈಕೊಟ್ಟ ವರ್ಷ ಗುಂಪು ಮೇಸ್ತ್ರಿಯ ಕಡೆ ಅಡ್ವಾನ್ಸ್ ತಗೊಂಡು ಗಂಡಹೆಂಡತಿ ಮಣ್ಣು ಕೆಲಸಕ್ಕೆ ಹೋಗುತ್ತಿದ್ದರು. ಪಾಲಮೂರು ಕೂಲಿಯವರು ಅಂದರೆ ದೇಶಕ್ಕೆಲ್ಲ ಗೊತ್ತು. ನಾಗಾರ್ಜುನಸಾಗರದಂಥ ಡ್ಯಾಮುಗಳಿಗೆ ಮಣ್ಣು ಹೊತ್ತವರು ನಮ್ಮ ಕಡೆಯವರೇ. ಮಗನನ್ನು ಊರಲ್ಲಿ ಬಿಟ್ಟು ಹೋಗಲು ಮನೆಯಲ್ಲಿ ಮುದುಕರಿರಲಿಲ್ಲ, ಜೊತೆಗೇ ಒಯ್ದರು. ಅವನ ಸಾಲಿ ಐದಕ್ಕೆ ಮುಗಿಯಿತು. ಇವತ್ತು ಅವನು ಹೈದರಾಬಾದಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ನನ್ನ ಮಗಳು ಅದೇ ಹೈದರಾಬಾದಿನಲ್ಲಿ ಕಂಪ್ಯೂಟರ್ ಕಂಪನಿಯಲ್ಲಿದ್ದಾಳೆ. ಇಬ್ಬರಿಗೂ ಒಬ್ಬನೇ ಅಜ್ಜ. ಅವಳೂ ನಾಳೆ ತನ್ನ ಮಕ್ಕಳಿಗೆ ‘ನಾನು ಕಷ್ಟಪಟ್ಟು ಓದಿದೆ’ ಅಂತಾಳೆ. ಅದೂ ನಿಜವೇ ಇರುತ್ತದೆ.

ಕೆಳಗಿದ್ದ ಮನೆತನವೊಂದು ಎಲ್ಲರ ಸಮಕ್ಕೆ ಬರಲು ಎಷ್ಟು ತಲೆಮಾರು ಬೇಕು ಅಂತ ಓಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2018ರಲ್ಲಿ ಲೆಕ್ಕ ಹಾಕಿತ್ತು. ಕಡಿಮೆ ಆದಾಯದ ಮನೆಯವರು ದೇಶದ ಸರಾಸರಿ ಆದಾಯ ಮುಟ್ಟಲು ಡೆನ್ಮಾರ್ಕಿನಲ್ಲಿ 2 ತಲೆಮಾರು, ಭಾರತದಲ್ಲಿ 7. ಏಳು ತಲೆಮಾರು ಅಂದರೆ ಹೆಚ್ಚುಕಡಿಮೆ ಇನ್ನೂರು ವರ್ಷ. ಮೇಲೆ ಬರಲು ಏಳು ಬೇಕು, ಅಕ್ಕತಮ್ಮಂದಿರ ಮಕ್ಕಳು ಬೇರೆ ಬೇರೆ ಲೋಕದವರಾಗಲು ಒಂದೇ ಸಾಕಾಯಿತು!

ಹುಟ್ಟಿನಿಂದ ಬರುವ ಸ್ಥಾನ ಕಾಯ್ದೆಯಿಂದ ಹೋಗುತ್ತದೆ ಅಂತ ನಾವು ಒಮ್ಮೆ ನಂಬಿದ್ದೆವು. ನಮ್ಮ ಊರುಗಳಲ್ಲಿ ಪಟೇಲಕಿ, ಪಟವಾರಿಕಿ ಅಪ್ಪನಿಂದ ಮಗನಿಗೆ ಬರುತ್ತಿತ್ತು. 1984ರಲ್ಲಿ ಎನ್.ಟಿ. ರಾಮರಾವ್ ಸರಕಾರ ಅದನ್ನು ತೆಗೆದುಹಾಕಿತು. ನಾನಾಗ ಹರೆಯದ ಹುಡುಗ, ಚಾವಡಿ ಮುಂದೆ ಹಲಗೆ ಬಾರಿಸಿದ್ದು ನೆನಪಿದೆ. ಹುದ್ದೆ ಹೋಯಿತು, ಮನೆಯೊಳಗಿನ ತಿಳಿವಳಿಕೆ ಎಲ್ಲಿ ಹೋಗುತ್ತದೆ? ಆ ಮನೆಯ ಹುಡುಗನಿಗೆ ಪಹಣಿ ಅಂದರೇನು, ಅರ್ಜಿ ಯಾರ ಮೇಜಿಗೆ ಹೋಗಬೇಕು, ಸಾಹೇಬರ ಮುಂದೆ ಹೇಗೆ ಮಾತಾಡಬೇಕು ಅನ್ನುವುದು ಊಟದ ಜೊತೆಗೇ ಬರುತ್ತದೆ. ನಿಜಾಮರ ಕಾಲದಲ್ಲಿ ದಫ್ತರು ಉರ್ದುವಿನಲ್ಲಿತ್ತು. 1956ರಲ್ಲಿ ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಿಂದ ಬಿಟ್ಟು ಮಹಬೂಬನಗರಕ್ಕೆ ಸೇರಿದವು, ಮುಂದೆ ದಫ್ತರು ತೆಲುಗಾಯಿತು. ಓದು ಬಲ್ಲ ಮನೆಗಳು ಹೊಸ ಅಕ್ಷರ ಬೇಗ ಕಲಿತುಕೊಂಡವು. ಮನೆಯಲ್ಲಿ ಕನ್ನಡ ಆಡುವ ಕೂಲಿಯವನಿಗೆ ಉರ್ದುವಿಗೂ ಹೆಬ್ಬೆಟ್ಟೇ, ತೆಲುಗಿಗೂ ಹೆಬ್ಬೆಟ್ಟೇ. 2011ರ ಜನಗಣತಿಯಲ್ಲೂ ಅಂದಿನ ಆಂಧ್ರದ 23 ಜಿಲ್ಲೆಗಳಲ್ಲಿ ಸಾಕ್ಷರತೆಯಲ್ಲಿ ಕೊನೆಗಿದ್ದದ್ದು ಮಹಬೂಬನಗರವೇ, ನೂರಕ್ಕೆ 55. ಹೆಂಗಸರದು 45ನ್ನೂ ಮುಟ್ಟಲಿಲ್ಲ. ಗದ್ವಾಲದ ಬಳಿ ಜುರಾಲ ಕಟ್ಟಿದರು, ನೀರು ಬಂತು, ಒಳ್ಳೆಯದಾಯಿತು. ಅಜ್ಜ ಹೊಲ ಬಿಟ್ಟು ಹೋದವರ ಹೊಲಕ್ಕೆ ಬಂತು. ಹೊಲವಿಲ್ಲದವರಿಗೆ ನಾಟಿ ಕೂಲಿ ಸಿಕ್ಕಿತು.

ನಮ್ಮ ಓಣಿಯ ಹಿರಿಯರೊಬ್ಬರು ಇದಕ್ಕೆಲ್ಲ ‘ಹಣೆಬರಹ ಮಾಸ್ತರ, ಐದೂ ಬೆರಳು ಸಮ ಇರ್ತಾವೇನು’ ಅಂತಾರೆ. ಅವರ ಜೊತೆ ವಾದಿಸಿ ಸೋತಿದ್ದೇನೆ. ಯಾಕಂದರೆ ನನ್ನ ಮನೆಯ ಕಥೆಯಲ್ಲಿ ತಪ್ಪುಗಾರ ಯಾರೂ ಇಲ್ಲ. ಅಪ್ಪ ಇಬ್ಬರನ್ನೂ ಓದಿಸಲಾರದವ, ಒಬ್ಬನನ್ನು ಆರಿಸಿದ. ಆದರೂ ಹಣೆಬರಹ ಅನ್ನಲು ನನಗೆ ಬಾಯಿ ಬರುವುದಿಲ್ಲ. ಅಕ್ಕ ರಾಟೆ ಮುಂದೆ ಕೂತದ್ದು ಬ್ರಹ್ಮ ಬರೆದದ್ದಕ್ಕಲ್ಲ, ಒಂದು ಸೀರೆಯ ಕೂಲಿಯಲ್ಲಿ ಎರಡು ಮಕ್ಕಳ ಸಾಲಿ ಸಾಗುತ್ತಿರಲಿಲ್ಲ, ಅದಕ್ಕೆ. ಅದರಲ್ಲೂ ಹೆಣ್ಣು ಅನ್ನುವುದನ್ನು ನಾನು ಮುಚ್ಚಿಡಬಾರದು. ನಾನು ದೊಡ್ಡವನಾಗಿ ಅವಳು ಚಿಕ್ಕವಳಾಗಿದ್ದರೂ ಓದುತ್ತಿದ್ದವನು ನಾನೇ.

ಪ್ರತಿ ಪಂಚಮಿಗೆ ಅಕ್ಕನಿಗೆ ಸೀರೆ ಒಯ್ಯುತ್ತೇನೆ. ‘ಎಂಥಾ ತಮ್ಮ’ ಅಂತ ಊರು ಹೊಗಳುತ್ತದೆ. ಈ ವರ್ಷ ಹೊಗಳಿಕೆ ಕೇಳಿ ನಾಚಿಕೆಯಾಯಿತು. ಸಾಲದ ಬಡ್ಡಿಯಲ್ಲಿ ಒಂದು ಚೂರು ಕೊಟ್ಟವನನ್ನು ಯಾರಾದರೂ ದಾನಿ ಅಂತಾರೇನು? ಅಕ್ಕನ ಮೊಮ್ಮಗಳು ನಾಲ್ಕನೇ ತರಗತಿಯಲ್ಲಿದ್ದಾಳೆ. ಅವಳ ಓದು ಮುಗಿಯುವ ತನಕ ಖರ್ಚು ನನ್ನದು ಅಂದೆ. ಅಕ್ಕ ಒಂದು ಗಳಿಗೆ ಸುಮ್ಮನಿದ್ದು, ‘ನಿಂಗ ಯಾಕಪಾ ಭಾರ’ ಅಂದಳು. ‘ಭಾರಲ್ಲಕ್ಕ, ಬಾಕಿ’ ಅಂದೆ. ಅವಳಿಗೆ ಆ ಮಾತು ಹಿಡಿಸಲಿಲ್ಲ. ‘ನಾ ಲೆಕ್ಕ ಇಟ್ಟು ಮಾಡಿಲ್ಲ’ ಅಂತ ಸಿಟ್ಟಾದಳು. ಪ್ರೀತಿಯಿಂದ ಕೊಟ್ಟದ್ದನ್ನು ಸಾಲ ಅಂದರೆ ಕೊಟ್ಟವಳಿಗೆ ಅವಮಾನ, ಕೊಡುಗೆ ಅಂದರೆ ಪಡೆದವನಿಗೆ ಸಲೀಸು. ಇದಕ್ಕೆ ಸರಿಯಾದ ಹೆಸರು ನನಗಿನ್ನೂ ಸಿಕ್ಕಿಲ್ಲ. ಖರ್ಚು ಮಾತ್ರ ಒಪ್ಪಿಕೊಂಡಿದ್ದಾಳೆ.

ಆದರೆ ನೌಕರಿಯ ತಮ್ಮ ಇಲ್ಲದ ಅಕ್ಕಂದಿರೇ ಊರ ತುಂಬ. ಈ ಜೂನ್‌ನಲ್ಲಿ ‘ನನ್ನನ್ನೇ ನೋಡಿ’ ಅನ್ನುವ ಭಾಷಣ ಬಿಟ್ಟೆ. ಹಾಜರಿ ಕರೆಯುವಾಗ ಬರದ ಮಕ್ಕಳಿಗೆ ಗೈರು ಹಾಕಿ ಸುಮ್ಮನಾಗುವುದಿಲ್ಲ. ಯಾಕೆ ಬರಲಿಲ್ಲ, ಆ ಮನೆಯಲ್ಲಿ ಬೇರೆ ಯಾರು ಓದುತ್ತಿದ್ದಾರೆ ಅಂತ ಕೇಳಿ ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡು, ಸಂಜೆ ಆ ಮನೆಗಳಿಗೆ ಹೋಗುತ್ತೇನೆ. ಹತ್ತಿ ಬಿಡಿಸುವ ಈ ತಿಂಗಳು ಹನ್ನೊಂದು ಹೆಸರು ಬಂದಿವೆ. ಅದರಲ್ಲಿ ಒಂಬತ್ತು ಹುಡುಗಿಯರು. ಹೋದ ವರ್ಷ ಎದ್ದು ನಿಂತು ಕೇಳಿದವಳ ಹೆಸರೂ ಉಂಟು. ಅವಳ ತಮ್ಮ ನಾರಾಯಣಪೇಟದ ಇಂಗ್ಲಿಷ್ ಸಾಲಿಗೆ ಹೋಗುತ್ತಾನೆ.