ಕೇಳಿ ಒಲಿಯುವುದು, ಕಂಡು ಒಲಿಯುವುದು

ಒಲವು ಹುಟ್ಟುವ ದಾರಿಗಳು ಎರಡು ಎನ್ನುತ್ತದೆ ಭಾರತೀಯ ಅಲಂಕಾರಶಾಸ್ತ್ರ: ಒಬ್ಬರ ಬಗ್ಗೆ ಕೇಳಿ, ಇಲ್ಲವೆ ಅವರನ್ನು ಕಂಡು. ಕೂಡುವ ಮೊದಲೇ ಮೂಡುವ ಈ ಅನುರಾಗಕ್ಕೆ ಪೂರ್ವರಾಗವೆಂದು ಹೆಸರು. ಹದಿನಾಲ್ಕನೆಯ ಶತಮಾನದ ವಿಶ್ವನಾಥನ ‘ಸಾಹಿತ್ಯದರ್ಪಣ’ದ ಪ್ರಕಾರ ಕೇಳುವುದು ದೂತ, ವಂದಿ ಅಥವಾ ಸಖಿಯ ಬಾಯಿಂದ, ಕಾಣುವುದು ಎದುರಿಗೇ ಆಗಬೇಕೆಂದಿಲ್ಲ, ಚಿತ್ರದಲ್ಲಿ, ಕನಸಿನಲ್ಲಿ, ಇಂದ್ರಜಾಲದಲ್ಲೂ ಆಗಬಹುದು. ಮೊಬೈಲಿನಲ್ಲಿ ಫೋಟೊ ನೋಡಿ, ನಾಲ್ಕು ಸಾಲಿನ ಪರಿಚಯ ಓದಿ ಮನಸೋಲುವ ಇಂದಿನ ಹುಡುಗ ಹುಡುಗಿಯರಿಗೂ ಈ ವಿಂಗಡಣೆಯಲ್ಲಿ ಜಾಗವಿದೆ. ಹೊಸದೆಂದರೆ ಅದರ ವ್ಯಾಪ್ತಿ. ಸಮಾಜಶಾಸ್ತ್ರಜ್ಞ ಮೈಕೆಲ್ ರೋಸೆನ್‌ಫೆಲ್ಡ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಮೆರಿಕದಲ್ಲಿ 2017ರಲ್ಲಿ ಪರಿಚಯವಾದ ಗಂಡು-ಹೆಣ್ಣು ಜೋಡಿಗಳ ಪೈಕಿ ನೂರಕ್ಕೆ ಸುಮಾರು 39 ಜೋಡಿಗಳು ಪರಸ್ಪರ ಸಿಕ್ಕಿದ್ದು ಆನ್‌ಲೈನಿನಲ್ಲಿ. ಗೆಳೆಯರ ಮೂಲಕ ಸಿಕ್ಕವರ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ.

ಇಲ್ಲಿ ಏಳುವ ತಾತ್ತ್ವಿಕ ಪ್ರಶ್ನೆ ಅರಿವಿಗೆ ಸಂಬಂಧಿಸಿದ್ದು. ಇನ್ನೂ ಭೇಟಿಯಾಗದ ವ್ಯಕ್ತಿಯ ಬಗ್ಗೆ ಮನಸ್ಸು ಕಟ್ಟಿಕೊಳ್ಳುವ ತಿಳಿವಳಿಕೆ ಎಷ್ಟರಮಟ್ಟಿಗೆ ನಂಬಲು ಯೋಗ್ಯ? ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನು ಒಪ್ಪುವ ನ್ಯಾಯದರ್ಶನ, ಮಾತನ್ನೂ ಅರಿವಿನ ಮೂಲವೆಂದೇ ಎಣಿಸುತ್ತದೆ. ಆದರೆ ಆ ಮಾತು ಆಪ್ತನದ್ದಾಗಿರಬೇಕು. ವಿಷಯವನ್ನು ಸ್ವತಃ ಬಲ್ಲವನು, ಬಲ್ಲದ್ದನ್ನು ಹಾಗೆಯೇ ತಿಳಿಸಬೇಕೆಂಬ ಮನಸ್ಸುಳ್ಳವನು ಆಪ್ತ.

ಕನಕದಾಸರ ‘ನಳಚರಿತ್ರೆ’ಯಿಂದ ಕನ್ನಡಿಗರಿಗೆ ಹತ್ತಿರವಾದ ದಮಯಂತಿ ನಳನನ್ನು ನೋಡದೆಯೇ ಒಲಿದವಳು. ಆದರೆ ಅವನ ಗುಣವನ್ನು ಅವಳ ಮುಂದೆ ಬಣ್ಣಿಸಿದ್ದು ನಳನಲ್ಲ, ಹಂಸ. ಡೇಟಿಂಗ್ ಆಪ್‌ನಲ್ಲಿ ಇಲ್ಲವಾಗಿರುವುದು ಈ ಮೂರನೆಯವರೇ. ಅಲ್ಲಿ ಪ್ರತಿಯೊಬ್ಬರೂ ತಮ್ಮ ವಂದಿ ತಾವೇ. ಎತ್ತರ, ಉದ್ಯೋಗ, ಅಭಿರುಚಿ ಎಲ್ಲಕ್ಕೂ ಅವರದೇ ಮಾತು ಆಧಾರ. ಅವರು ಸುಳ್ಳು ಹೇಳುತ್ತಾರೆಂದಲ್ಲ. ತನ್ನ ಸಿಟ್ಟು, ತನ್ನ ಜಿಪುಣತನ, ಕಷ್ಟ ಬಂದಾಗ ತಾನು ನಡೆದುಕೊಳ್ಳುವ ರೀತಿ, ಇವುಗಳ ಬಗ್ಗೆ ಯಾರೂ ತಮಗೆ ತಾವೇ ಪೂರ್ತಿ ಆಪ್ತರಾಗಲಾರರು.

ಕಥೆಯ ಮುಂದಿನ ಭಾಗ ಇನ್ನೂ ಮುಖ್ಯ. ಸ್ವಯಂವರಕ್ಕೆ ಇಂದ್ರ, ಅಗ್ನಿ, ವರುಣ, ಯಮರು ನಳನ ರೂಪದಲ್ಲೇ ಬಂದು ಕೂರುತ್ತಾರೆ. ಐವರೂ ಒಂದೇ ಥರ. ದಮಯಂತಿ ಸತ್ಯದ ಮೇಲೆ ಆಣೆಯಿಟ್ಟು ಬೇಡಿಕೊಂಡಾಗ ದೇವತೆಗಳ ಗುರುತು ಬಯಲಾಗುತ್ತದೆ: ಅವರು ಬೆವರುವುದಿಲ್ಲ, ರೆಪ್ಪೆ ಮಿಟುಕಿಸುವುದಿಲ್ಲ, ಮಾಲೆ ಬಾಡಿಲ್ಲ, ಪಾದ ನೆಲಕ್ಕೆ ತಾಗಿಲ್ಲ. ನಳನ ಮೈಮೇಲೆ ಧೂಳಿದೆ, ಬೆವರಿದೆ, ಅವನಿಗೆ ನೆರಳಿದೆ. ಅವಳು ಮಾಲೆ ಹಾಕಿದ್ದು ಬೆವರುವವನಿಗೆ. ಪ್ರೊಫೈಲಿನ ಫೋಟೊದಲ್ಲಿ ಧೂಳೂ ಇರುವುದಿಲ್ಲ, ಬಾಡಿದ ಹೂವೂ ಇರುವುದಿಲ್ಲ. ಆಯ್ಕೆಗೆ ಬೇಕಾದ ಗುರುತುಗಳೇ ಅಲ್ಲಿ ಅಳಿಸಿಹೋಗಿರುತ್ತವೆ.

ಹಾಗೆಂದು ಎದುರುಬದುರಿನ ಭೇಟಿ ತಾನಾಗಿಯೇ ಅರಿವಾಗಿಬಿಡುವುದಿಲ್ಲ. ಶಕುಂತಲೆ ದುಷ್ಯಂತನನ್ನು ಕಣ್ವಾಶ್ರಮದಲ್ಲಿ ಕಣ್ಣಾರೆ ಕಂಡೇ ಗಾಂಧರ್ವವಿವಾಹಕ್ಕೆ ಒಪ್ಪಿದಳು. ಮಹಾಭಾರತದ ಕಥೆಯಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಗೊತ್ತಿದ್ದೂ ರಾಜ ತುಂಬಿದ ಸಭೆಯಲ್ಲಿ ಅವಳನ್ನು ನಿರಾಕರಿಸುತ್ತಾನೆ, ಕೊನೆಗೆ ಅಶರೀರವಾಣಿಯೇ ಸಾಕ್ಷಿ ನುಡಿಯಬೇಕಾಗುತ್ತದೆ. ಕಾಲೇಜು, ಕಚೇರಿ, ನಾಟಕದ ತಂಡಗಳಲ್ಲಿ ಬೆಳೆಯುವ ಪರಿಚಯಕ್ಕೆ ಬೆಲೆ ಬರುವುದು ಎದುರಿಗಿದ್ದಾರೆಂಬ ಕಾರಣಕ್ಕಷ್ಟೇ ಅಲ್ಲ. ಕ್ಯಾಂಟೀನಿನ ಹುಡುಗ ಚಹಾ ಚೆಲ್ಲಿದಾಗ ಆ ವ್ಯಕ್ತಿ ಅವನೊಡನೆ ಹೇಗೆ ಮಾತಾಡಿದ ಎಂಬುದು, ಮೆಚ್ಚಿಸುವ ಉದ್ದೇಶವೇ ಇಲ್ಲದ ಗಳಿಗೆಯಲ್ಲಿ, ನಾಲ್ಕು ಜನರ ಮುಂದೆ ಕಣ್ಣಿಗೆ ಬೀಳುತ್ತದೆ.

ಆದರೆ ಈ ನಾಲ್ಕು ಜನ ಸಾಕ್ಷಿಗಳಷ್ಟೇ ಆಗಿ ಉಳಿದವರಲ್ಲ, ಕಾವಲುಗಾರರೂ ಆದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಸಮಗಾರ ಹರಳಯ್ಯನ ಮಗನಿಗೂ ಶರಣರು ಮದುವೆ ಮಾಡಿಸಿದಾಗ, ಇಬ್ಬರು ತಂದೆಯರೂ ಪ್ರಾಣ ತೆರಬೇಕಾಯಿತೆಂದು ಶರಣ ಪರಂಪರೆ ನೆನೆಯುತ್ತದೆ. ಊರಿನ ಕಣ್ಣಿಂದ ತಪ್ಪಿಸಿಕೊಂಡು ಬೇರೆ ಜಾತಿಯವರೊಡನೆ ಮಾತಾಡಲು, ಸಲಿಂಗಿಗಳಾಗಿದ್ದರೆ ತಮ್ಮಂಥವರನ್ನು ಹುಡುಕಲು, ಆನ್‌ಲೈನ್ ಬಿಟ್ಟರೆ ಎಷ್ಟೋ ಜನರಿಗೆ ಇಂದಿಗೂ ಬೇರೆ ಜಾಗವಿಲ್ಲ. ಇದು ಸಣ್ಣ ಉಪಕಾರವಲ್ಲ. ಅದೇ ತಂತ್ರಜ್ಞಾನ ಮ್ಯಾಟ್ರಿಮೋನಿ ಜಾಲತಾಣಗಳಲ್ಲಿ ಜಾತಿ, ಉಪಜಾತಿ, ಗೋತ್ರ, ನಕ್ಷತ್ರಗಳಿಗೆ ಒಂದೊಂದು ಖಾನೆ ಮಾಡಿಕೊಟ್ಟು, ಹಳೆಯ ಬೇಲಿಯನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿದೆ. ವಯಸ್ಕರು ತಮ್ಮ ಸಂಗಾತಿಯನ್ನು ಆರಿಸಿಕೊಳ್ಳುವ ಹಕ್ಕು ಸಂವಿಧಾನದ 21ನೇ ವಿಧಿಯೊಳಗೇ ಸೇರಿದೆಯೆಂದು ಸುಪ್ರೀಂ ಕೋರ್ಟ್ 2018ರ ಶಫಿನ್ ಜಹಾನ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆ ಹಕ್ಕನ್ನು ಖಾನೆಗಳೊಳಗೆ ಮಾತ್ರ ಚಲಾಯಿಸಿದರೆ ಅದು ಆಯ್ಕೆಯಾಗುವುದಿಲ್ಲ.

ಪರದೆಯ ಮೇಲೆ ಸಿಕ್ಕವರೆಲ್ಲ ಮೋಸಗಾರರೂ ಅಲ್ಲ, ಎದುರಿಗೆ ಸಿಕ್ಕವರೆಲ್ಲ ನಂಬಿಗಸ್ತರೂ ಅಲ್ಲ. ಆನ್‌ಲೈನ್ ಪರಿಚಯಕ್ಕೆ ಕೊರತೆಯಿರುವುದು ಸಾಕ್ಷಿಯದು. ಬೇಗ ಭೇಟಿಯಾಗಿ, ಒಬ್ಬರ ಗೆಳೆಯರ ನಡುವೆ ಇನ್ನೊಬ್ಬರು ಕೂತು, ಕೆಲವು ತಿಂಗಳು ಜೊತೆಗೆ ಓಡಾಡಿದರೆ ಆ ಕೊರತೆ ಬಹುಮಟ್ಟಿಗೆ ತುಂಬುತ್ತದೆ.