ತೂಕದ ಮೇಲಿನ ತೀರ್ಪು

ಸಕ್ಕರೆ ಕಾಯಿಲೆಯವರ ಮೈತೂಕವನ್ನು ನಾವು ಸಂಯಮದ ಅಳತೆಗೋಲು ಮಾಡಿಕೊಂಡಿದ್ದೇವೆ: ದಪ್ಪಗಿರುವವರು ನಾಲಿಗೆ ಗೆಲ್ಲದವರು, ಬಿದ್ದರೆ ಅದು ಅವರ ಕರ್ಮ. ಇದು ಅನ್ಯಾಯದ ತೀರ್ಪು. ಬೀಳಲು ತೂಕವೊಂದೇ ಕಾರಣವಲ್ಲ: ಈ ಕಾಯಿಲೆಯಲ್ಲಿ ನರಗಳು ಹಾಳಾಗಿ ಪಾದಕ್ಕೆ ನೆಲದ ಅರಿವು ತಪ್ಪಬಹುದು, ಕಣ್ಣು ಮಂಜಾಗಬಹುದು. ಇನ್ಸುಲಿನ್ ತೆಗೆದುಕೊಂಡು ಉಪವಾಸವಿದ್ದರೆ ಸಕ್ಕರೆ ಕುಸಿದು ತಲೆ ಸುತ್ತುತ್ತದೆ. 2001ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಲುಕ್ ಅಹೆಡ್’ ಅಧ್ಯಯನದಲ್ಲಿ 5,000ಕ್ಕೂ ಹೆಚ್ಚು ಮಧುಮೇಹಿಗಳಿದ್ದರು. ಶ್ರಮಪಟ್ಟು ತೂಕ ಇಳಿಸಿದ ಗುಂಪಿನವರ ನಡಿಗೆಯ ಶಕ್ತಿ ಹೆಚ್ಚು ಕಾಲ ಉಳಿಯಿತು. ಆದರೆ ದುರ್ಬಲ ಮೂಳೆಗಳ ಮುರಿತ ಅವರಲ್ಲೇ ಹೆಚ್ಚು.

ಹಾಗಾದರೆ ಸಂಯಮವೇ ಬೇಡವೇ? ಖಂಡಿತ ಬೇಕು. ಭಾರ ಹೆಚ್ಚಿದರೆ ಮಂಡಿ ಸೋಲುತ್ತದೆ, ಸಮತೋಲ ಕೆಡುತ್ತದೆ. ಆದರೆ ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸುವ ದೇಹದಂಡನೆ ಸಂಯಮವಲ್ಲ. ಗೀತೆಯ ಆರನೆಯ ಅಧ್ಯಾಯ ಅತಿಭೋಜನವನ್ನೂ ನಿರಾಹಾರವನ್ನೂ ಒಟ್ಟಿಗೇ ನಿರಾಕರಿಸಿದೆ. ಏಕಾದಶಿಯಂದು ಹೊತ್ತಿಗೆ ಸರಿಯಾಗಿ ಉಂಡು ಔಷಧಿ ತೆಗೆದುಕೊಳ್ಳುವ ಮಧುಮೇಹಿ ವ್ರತಭ್ರಷ್ಟರಲ್ಲ.